ಕಟ್ಟೆಮಳಲವಾಡಿಯ ಸೊಪ್ಪು, ತಲೆಯೊಳಗಿನ ಹರಾಜು



ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ ಅಂದ್ರೆ ತಂಬಾಕು ಹರಾಜು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಸೀಮೆಯಲ್ಲಿ ಹರಾಜು ಶುರುವಾಯ್ತು ಅಂದ್ರೆ ರೈತರ ಎದೆಯಲ್ಲಿ ಡವಡವ. ಬೆಲೆ ಬಿದ್ದರೆ ಪ್ರತಿಭಟನೆ. ಆಗ ನಮ್ಮ ಕ್ಯಾಮೆರಾಗಳೂ ಅಲ್ಲಿಗೆ ಓಡ್ತವೆ. ಕೆ.ಜಿ.ಗೆ ಎಷ್ಟು ಸಿಕ್ತು ಅಂತ ಕೇಳ್ತೀವಿ, ವಾಪಸ್ ಬರ್ತೀವಿ. ಇವತ್ತು ಬೇರೆ ಪ್ರಶ್ನೆ ಕೇಳೋಣ. ಆ ಸೊಪ್ಪು ಬೇಲ್ ಆಗಿ, ಲಾರಿ ಹತ್ತಿ, ಸಿಗರೇಟಾಗಿ ಒಬ್ಬ ಮನುಷ್ಯನ ಎದೆಗೆ ಇಳಿದ ಮೇಲೆ ಅವನ ತಲೆಯೊಳಗೆ ಏನು ಮಾಡುತ್ತೆ?

ಯಾಕೆ ಕೇಳ್ತಿದ್ದೀನಿ ಅಂದ್ರೆ, ಸಿಗರೇಟು ಬಿಡಲಾಗದವರ ಬಗ್ಗೆ ನಮ್ಮಲ್ಲಿ ಒಂದು ತೀರ್ಪು ಸಿದ್ಧವಾಗಿಯೇ ಇರುತ್ತೆ. "ಮನಸ್ಸು ಮಾಡಿದ್ರೆ ಬಿಡಬಹುದು, ಅವನಿಗೆ ಮನಸ್ಸಿಲ್ಲ ಅಷ್ಟೇ." ಈ ತೀರ್ಪು ಎಷ್ಟು ಸರಿ?

ತಂಬಾಕಿನ ಗಿಡ ನಿಕೋಟಿನ್ ತಯಾರಿಸೋದು ಬೇರಿನಲ್ಲಿ, ಕೂಡಿಡೋದು ಎಲೆಯಲ್ಲಿ. ಹುಳು ಹುಪ್ಪಟೆ ತಿನ್ನದಿರಲಿ ಅಂತ ಗಿಡ ಮಾಡಿಕೊಂಡ ವಿಷ ಅದು. ಮಳೆ ಬಿದ್ದ ಬೆಳಿಗ್ಗೆ ಒದ್ದೆ ಎಲೆ ಮುರಿಯುವ ಕೂಲಿಯವರಿಗೆ ತಲೆಸುತ್ತು, ವಾಂತಿ ಬರೋದುಂಟು. ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿದಿರುತ್ತೆ. ವೈದ್ಯರು ಇದನ್ನ ಗ್ರೀನ್ ಟೊಬ್ಯಾಕೊ ಸಿಕ್‌ನೆಸ್ ಅಂತಾರೆ. ಹೊಲದಲ್ಲಿ ವಾಂತಿ ಬರಿಸುವ ಅದೇ ವಸ್ತು ಸಿಗರೇಟಿನಲ್ಲಿ ಹಿತ ಕೊಡೋದು ಹೇಗೆ? ಪ್ರಮಾಣ ಮತ್ತು ವೇಗ. ಒಂದು ದಮ್ಮಿನಲ್ಲಿ ಹೋಗೋದು ಚಿಟಿಕೆಯಷ್ಟೂ ಅಲ್ಲ. ಆದರೆ ಶ್ವಾಸಕೋಶದಿಂದ ಮೆದುಳಿಗೆ ತಲುಪಲು ಅದಕ್ಕೆ ಬೇಕಾದದ್ದು ಸುಮಾರು 10ರಿಂದ 20 ಸೆಕೆಂಡು.

ನಮ್ಮ ಮೆದುಳಿನಲ್ಲಿ ಅಸಿಟೈಲ್‌ಕೋಲೀನ್ ಅನ್ನೋ ರಾಸಾಯನಿಕ ಇದೆ. ನರಕೋಶಗಳ ಮೇಲೆ ಅದಕ್ಕಾಗಿಯೇ ಬೀಗಗಳಿವೆ. ನಿಕೋಟಿನ್ ಒಂದು ಕಳ್ಳ ಕೀಲಿ. ಅದೇ ಬೀಗಕ್ಕೆ ಸರಿಯಾಗಿ ಕೂರುತ್ತೆ. ಬಾಗಿಲು ತೆರೆದ ಕೂಡಲೇ ನಡುಮೆದುಳಿನ ಕೋಶಗಳು ಡೋಪಮೈನ್ ಬಿಡುಗಡೆ ಮಾಡ್ತವೆ. ಅದು ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಅನ್ನೋ ಪುಟ್ಟ ಭಾಗಕ್ಕೆ ಹರಿಯುತ್ತೆ. ಊಟ, ನೀರು, ನೆಂಟತನ, ಹೀಗೆ ಬದುಕಿಗೆ ಬೇಕಾದದ್ದನ್ನ ಮತ್ತೆ ಮತ್ತೆ ಮಾಡಿಸಲು ಇರುವ ದಾರಿ ಇದು. ವಿಜ್ಞಾನಿಗಳು ಇದಕ್ಕೆ ರಿವಾರ್ಡ್ ಸರ್ಕ್ಯೂಟ್ ಅಂತಾರೆ. 1954ರಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್, ಇಲಿಯ ಮೆದುಳಿಗೆ ತಂತಿ ಇಟ್ಟು, ಸನ್ನೆ ಒತ್ತಿದರೆ ಸಣ್ಣ ವಿದ್ಯುತ್ ಹರಿಯುವಂತೆ ಮಾಡಿದ್ರು. ಇಲಿಗಳು ಗಂಟೆಗೆ ನೂರಾರು ಸಲ ಅದನ್ನ ಒತ್ತಿದವು.

ಡೋಪಮೈನ್ ಅಂದ್ರೆ ಸುಖದ ರಾಸಾಯನಿಕ ಅಂತ ಎಲ್ಲರೂ ಹೇಳ್ತಾರೆ. ಅಷ್ಟೇ ಅಲ್ಲ ವೀಕ್ಷಕರೇ. ಅದು ನಿರೀಕ್ಷೆಯ ಲೆಕ್ಕ ಬರೆಯುವ ಗುಮಾಸ್ತ. ಹರಾಜು ಕಟ್ಟೆಗೇ ಬನ್ನಿ. ಕೆ.ಜಿ.ಗೆ 200 ರೂಪಾಯಿ ಸಿಗಬಹುದು ಅಂದುಕೊಂಡು ಬಂದಿದ್ದೀರಿ. 230 ಸಿಕ್ತು. ಎದೆ ಉಬ್ಬುತ್ತೆ. ಮುಂದಿನ ಸಲ 230 ಬಂದರೆ? ಸರಿ, ಬಂತು, ಅಷ್ಟೇ. ಅದೇ 210ಕ್ಕೆ ಇಳಿದರೆ? ಮೊದಲು ಅಂದುಕೊಂಡಿದ್ದ 200ಕ್ಕಿಂತ ಹೆಚ್ಚೇ ಇದ್ದರೂ ಹೊಟ್ಟೆ ಉರಿಯುತ್ತೆ. ವುಲ್ಫ್ರಾಮ್ ಶುಲ್ಟ್ಸ್ ಅನ್ನೋ ವಿಜ್ಞಾನಿ ಕೋತಿಗಳ ಮೆದುಳಿನಲ್ಲಿ ಕಂಡದ್ದೂ ಇದನ್ನೇ. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಡೋಪಮೈನ್ ಕೋಶಗಳು ಚುರುಕಾದವು. ರಸಕ್ಕೆ ಮುಂಚೆ ಒಂದು ಸೂಚನೆ ಕೊಡುತ್ತಾ ಹೋದ ಮೇಲೆ ರಸಕ್ಕಲ್ಲ, ಆ ಸೂಚನೆಗೇ ಚುರುಕಾದವು. ಸೂಚನೆ ಕೊಟ್ಟು ರಸ ಕೊಡದಿದ್ದಾಗ ಸಪ್ಪಗಾದವು.

ಈಗ ನಿಕೋಟಿನ್ ಮಾಡುವ ಮೋಸ ನೋಡಿ. ಊಟ ಎಷ್ಟು ರುಚಿಯಿದ್ದರೂ ಅಭ್ಯಾಸವಾದ ಮೇಲೆ ಗುಮಾಸ್ತ ಸುಮ್ಮನಾಗ್ತಾನೆ. ನಿಕೋಟಿನ್ ಹಾಗೆ ಸುಮ್ಮನಿರಲು ಬಿಡೋದಿಲ್ಲ. ನೇರವಾಗಿ ಅವನ ಕೈ ಹಿಡಿದು "ಅಂದುಕೊಂಡದ್ದಕ್ಕಿಂತ ಹೆಚ್ಚು ಬಂತು" ಅಂತ ಬರೆಸುತ್ತೆ. ಪ್ರತಿ ದಮ್ಮಿಗೂ ಒಂದು ಸುಳ್ಳು ಲೆಕ್ಕ. ಮೆದುಳು ಅದನ್ನೇ ನಂಬುತ್ತೆ. ಟೀ ಲೋಟ, ಊಟ ಮುಗಿದ ಹೊತ್ತು, ಬಸ್ ಸ್ಟ್ಯಾಂಡು, ಜತೆಗಾರನ ಜೇಬಿನ ಬೆಂಕಿಪೊಟ್ಟಣ, ಇವೆಲ್ಲ ಸೂಚನೆಗಳಾಗ್ತವೆ. ಟೀ ಕೈಗೆ ಬಂದರೆ ಸಾಕು, ಆಸೆ ಏಳುತ್ತೆ.

ಇದರ ಜತೆಗೆ ಬೀಗಗಳ ಸಂಖ್ಯೆಯೂ ಹೆಚ್ಚುತ್ತೆ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತೆ. ರಾತ್ರಿಯೆಲ್ಲ ಮಲಗಿ ಎದ್ದಾಗ ಬೀಗಗಳೆಲ್ಲ ಖಾಲಿ. ಅದಕ್ಕೇ ಹಲ್ಲುಜ್ಜುವ ಮೊದಲೇ ಸಿಗರೇಟು ಬೇಕು. ಅದು ಸುಖಕ್ಕಾಗಿ ಸೇದಿದ್ದಲ್ಲ, ಸಂಕಟ ಕಳೆಯಲು ಸೇದಿದ್ದು. ಹಿಂದಿನ ಸಿಗರೇಟು ಮಾಡಿಟ್ಟ ಸಾಲಕ್ಕೆ ಬಡ್ಡಿ ಕಟ್ಟಿದ್ದು. ಬೀಡಿ, ಗುಟ್ಕಾ, ಜರ್ದಾ, ಯಾವುದಾದರೂ ಒಳಗಿರೋದು ಅದೇ ನಿಕೋಟಿನ್. 2016-17ರ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ತಂಬಾಕು ಬಳಸುವವರು 22.8 ಪರ್ಸೆಂಟ್. ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು. ಇಷ್ಟು ಜನರಿಗೂ ಮನಸ್ಸಿಲ್ಲ ಅನ್ನೋಣವೇ?

ಹಾಗಾದ್ರೆ ಬಿಡೋಕೆ ಆಗೋದೇ ಇಲ್ವಾ? ಆಗುತ್ತೆ. ಮೊದಲ ಕೆಲವು ದಿನ ಸಿಡುಕು, ನಿದ್ದೆಗೇಡು, ಯಾವುದರಲ್ಲೂ ಮನಸ್ಸು ನಿಲ್ಲದ ಸ್ಥಿತಿ ಜೋರಾಗಿರುತ್ತೆ. ಎರಡು ಮೂರು ವಾರ ಕಳೆದರೆ ಬಹುಪಾಲು ಇಳಿಯುತ್ತೆ. ಹೆಚ್ಚಾದ ಬೀಗಗಳೂ ನಿಧಾನಕ್ಕೆ ಕಡಿಮೆಯಾಗ್ತವೆ. ಟೀ ಲೋಟದ ನೆನಪು ಮಾತ್ರ ತಿಂಗಳುಗಟ್ಟಲೆ ಕಾಡಬಹುದು. ನಿಕೋಟಿನ್ ಗಮ್ಮು, ಪಟ್ಟಿ, ವೈದ್ಯರು ಬರೆದುಕೊಡುವ ವರೆನಿಕ್ಲಿನ್ ಮಾತ್ರೆ ಇವೆ. ಇವುಗಳಿಂದ ಬಿಡುವವರ ಸಂಖ್ಯೆ ಹೆಚ್ಚುತ್ತೆ ಅನ್ನೋದು ಪರೀಕ್ಷೆಗಳಲ್ಲಿ ಕಂಡಿದೆ. 1800-11-2356, ಇದು ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ. ಕರೆಗೆ ದುಡ್ಡಿಲ್ಲ. ಬರೆದಿಟ್ಟುಕೊಳ್ಳಿ.

ಇನ್ನು ಸರ್ಕಾರ. ವಾಣಿಜ್ಯ ಸಚಿವಾಲಯದ ಕೆಳಗಿನ ತಂಬಾಕು ಮಂಡಳಿ ಹರಾಜು ನಡೆಸುತ್ತೆ. ಆರೋಗ್ಯ ಸಚಿವಾಲಯ ಪ್ಯಾಕಿನ 85 ಪರ್ಸೆಂಟ್ ಜಾಗದಲ್ಲಿ ಎಚ್ಚರಿಕೆ ಅಚ್ಚು ಹಾಕಿಸುತ್ತೆ. ಒಂದು ಕೈ ಮಾರುತ್ತೆ, ಇನ್ನೊಂದು ಕೈ ಬೇಡ ಅನ್ನುತ್ತೆ. ನಡುವೆ ಸಿಕ್ಕವರು ಇಬ್ಬರು. ಬೆಳೆಯುವವನು, ಸೇದುವವನು. ರೈತನಿಗೆ "ಬೇರೆ ಬೆಳೆ ಹಾಕಪ್ಪ" ಅನ್ನೋ ಮೊದಲು ಆ ಬೆಳೆಗೂ ಇಂಥದೇ ಖಾತ್ರಿ ಮಾರುಕಟ್ಟೆ ತೋರಿಸಿ. ಸೇದುವವನಿಗೆ "ಬಿಡಪ್ಪ" ಅನ್ನೋ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಆಪ್ತಸಮಾಲೋಚನೆ, ಗಮ್ಮು, ಮಾತ್ರೆ ಸಿಗುವ ಹಾಗೆ ಮಾಡಿ.

ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಅಪ್ಪನೋ, ಅಣ್ಣನೋ, ಮಗನೋ. ಮೂರು ಸಲ ಬಿಟ್ಟು ನಾಲ್ಕನೇ ಸಲ ಹಿಡಿದವರು. ಅವರನ್ನ ಹಂಗಿಸಬೇಡಿ. ಮೂರು ಸಲ ಬಿಟ್ಟವರಿಗೆ ಮನಸ್ಸಿಲ್ಲ ಅಂತ ಯಾರು ಹೇಳಿದ್ದು? ಅವರಿಗೆ ಬೇಕಿರೋದು ಚಿಕಿತ್ಸೆ. ನಾಲ್ಕನೇ ಸಲಕ್ಕೆ ಫೋನ್ ನೀವೇ ಹಚ್ಚಿಕೊಡಿ.