ನಮ್ಮ ಟೆಸ್ಟರಣ್ಣ

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘದ ವರದಿಯನ್ನು ಕಾರ್ಯದರ್ಶಿಗಳು ಈಗತಾನೇ ಓದಿದರು. ಲೆಕ್ಕವೆಲ್ಲ ಅದರಲ್ಲಿದೆ. ಅದರಲ್ಲಿ ಇಲ್ಲದ ಒಬ್ಬರ ಬಗ್ಗೆ ನಾಲ್ಕು ಮಾತು ಆಡಲು ನಿಂತಿದ್ದೇವೆ. ನಮ್ಮ ಹಾಲು ಪರೀಕ್ಷಕರನ್ನು ನಾವ್ಯಾರೂ ಹೆಸರು ಹಿಡಿದು ಕರೆದವರಲ್ಲ. ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಅವರು ಟೆಸ್ಟರಣ್ಣ. ಈ 25ನೇ ವರ್ಷದ ಸಂಭ್ರಮ ನೋಡಲು ಅವರಿಲ್ಲ.

ಈಗ ಮಿಷನ್ನು ಬಂದಿದೆ, ಹಾಲು ಇಟ್ಟರೆ ಫ್ಯಾಟು ತಾನೇ ತೋರಿಸುತ್ತೆ. ಮೊದಲು ಹಾಗಿರಲಿಲ್ಲ. ಗಾಜಿನ ಬುಟಿರೋಮೀಟರಿಗೆ 10 ಮಿಲಿ ಗಂಧಕಾಮ್ಲ, ಅದರ ಮೇಲೆ 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ, ಬಿರಡೆ ಒತ್ತಿ, ಕುಲುಕಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಬೇಕು. ಆಸಿಡ್ ಸೇರಿದ ಕೂಡಲೇ ಗಾಜು ಕೈ ಸುಡುತ್ತಿತ್ತು. ಅವರ ಅಂಗಿಗಳಲ್ಲಿ ತೂತಿಲ್ಲದ್ದು ಒಂದೂ ಇರಲಿಲ್ಲ. ಕೇಳಿದರೆ, "ಗೌಡ್ರೇ, ಇದು ಗಾಳಿ ಆಡ್ಲಿ ಅಂತ ಹೊಲಿಸಿದ್ದು" ಅನ್ನೋರು.

ಲ್ಯಾಕ್ಟೋಮೀಟರು ಮುಳುಗಿದರೆ ನಿರ್ದೇಶಕರ ಮನೆ ಹಾಲಾದರೂ ವಾಪಸ್ಸು. ಆದರೆ ಯಾರ ಮುಖವನ್ನೂ ಅವರು ಸಣ್ಣದು ಮಾಡಲಿಲ್ಲ. "ಅರಸೀಕೆರೆ ಸೀಮೆಗೇ ಬರದ ಮಳೆ ನಿಮ್ಮ ಕ್ಯಾನಿಗೆ ಎಲ್ಲಿಂದ ಬಂತಣ್ಣ?" ಅಂದರೆ ಸಾಲಿನಲ್ಲಿದ್ದವರೆಲ್ಲ ನಗೋರು, ತಂದವನೂ ನಗುತ್ತಾ ಹೋಗೋನು. ಮಾರನೇ ದಿನ ಹಾಲು ಸರಿಯಾಗಿರುತ್ತಿತ್ತು.

ಫ್ಯಾಟು ಬರಲಿಲ್ಲವೆಂದು ಕಣ್ಣೀರು ಹಾಕಿದ ತಾಯಿಯೊಬ್ಬರಿಗೆ ಅವರು ಹೇಳಿದ್ದು ನಮಗೆ ನೆನಪಿದೆ. "ಕೊನೇ ಹಾಲ್ನೆಲ್ಲ ಕರುಗೆ ಬಿಡ್ತೀಯ ಕಣವ್ವ, ಕೆನೆ ಇರೋದೇ ಅದ್ರಲ್ಲಿ. ಕರುಗೆ ಮೊದ್ಲು ಕುಡಿಸು, ಆಮೇಲೆ ಪೂರಾ ಕರಿ." ಅದು ಪುಸ್ತಕದ ಮಾತಲ್ಲ, ಆದರೆ ಪುಸ್ತಕದಲ್ಲಿರುವುದೂ ಅದೇ.

2012ರ ಸೆಪ್ಟೆಂಬರ್ 9ರಂದು ಆನಂದ್‌ನ ಕುರಿಯನ್ ಅವರು ತೀರಿಕೊಂಡರು. ಮಾರನೇ ಬೆಳಿಗ್ಗೆ ಅಳತೆ ನಿಲ್ಲಿಸಿ ಎಲ್ಲರನ್ನೂ ಎರಡು ನಿಮಿಷ ನಿಲ್ಲಿಸಿದರು. ಕುರಿಯನ್ ಅವರಿಗೆ ಹಾಲು ಕುಡಿಯುವ ಅಭ್ಯಾಸವೇ ಇರಲಿಲ್ಲ. "ತಾವು ಕುಡೀದೆ ದೇಶಕ್ಕೇ ಕುಡಿಸಿದ್ರು ನೋಡ್ರವ್ವಾ" ಎಂದರು.

ಅದರ ಮರುವರ್ಷವೇ, 2013ರಲ್ಲಿ, ಕಾಲುಬಾಯಿ ಜ್ವರ ಬಂತು. ರಾಜ್ಯದಲ್ಲಿ ಸಾವಿರಾರು ದನ ಸತ್ತವು. ತೆಂಗಿಗೆ ನುಸಿ ಹತ್ತಿ, ಮಳೆ ಕೈಕೊಟ್ಟು, ಹಾಲಿನ ಬಟವಾಡೆಯಿಂದಲೇ ಒಲೆ ಉರಿಯುತ್ತಿದ್ದ ಮನೆಗಳು ನಮ್ಮಲ್ಲಿ ಬೇಕಾದಷ್ಟು. ಆಗ ಟೆಸ್ಟರಣ್ಣ ಸಂಜೆ ಹಾಲು ಮುಗಿಸಿ ಮನೆಮನೆಗೆ ಹೋಗೋರು. ಕೊಟ್ಟಿಗೆಯೊಳಗೆ ಕಾಲಿಡುತ್ತಿರಲಿಲ್ಲ, ರೋಗ ಕಾಲಲ್ಲೇ ಹೋಗುತ್ತೆ ಎಂದು ಬೀದಿಯಲ್ಲೇ ನಿಂತು ಕೂಗೋರು: ಬಾಯಿ ಹುಣ್ಣು ತೊಳೆದ್ರಾ, ರಾಗಿ ಅಂಬಲಿ ಕುಡಿಸಿದ್ರಾ, ಡಾಕ್ಟರಿಗೆ ಹೇಳಿ ಕಳಿಸಿದ್ರಾ? ಹಸು ಸತ್ತ ಮನೆಯ ಮುಂದೆ ಮಾತ್ರ ಅವರ ತಮಾಷೆ ಇರುತ್ತಿರಲಿಲ್ಲ. ಸುಮ್ಮನೆ ಜಗುಲಿ ಮೇಲೆ ಕೂತು ಎದ್ದು ಬರೋರು.

ಹಾಲಿಗೆ ಭಾನುವಾರವಿಲ್ಲ. ಮಾಲೇಕಲ್ ತಿರುಪತಿ ತೇರಿಗೆ ಹೋದವರು ಸಂಜೆ ಹಾಲಿಗೆ ವಾಪಸ್ಸು. ಬೇಲೂರು ಹಳೇಬೀಡಿಗೆ ಹೊರದೇಶದವರೆಲ್ಲ ಬಂದು ಹೋಗುತ್ತಾರೆ, ಇಷ್ಟು ಹತ್ತಿರವಿದ್ದ ಇವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ದೇವಸ್ಥಾನ ನೋಡಿದ್ದು ಒಂದೇ ಸಲ. ಅದೂ ಎರಡು ಹೊತ್ತಿನ ಹಾಲಿನ ನಡುವೆ.

ಎದೆನೋವು ಎಂದು ಆಸ್ಪತ್ರೆಗೆ ಹೋದವರು ಎರಡೇ ದಿನಕ್ಕೆ ತೀರಿಕೊಂಡರು. ಮಣ್ಣಾದ ದಿನವೂ ಸಂಜೆ ಹಾಲು ಅಳೆಯಲೇಬೇಕಾಯಿತು. ಸಾಲಿನಲ್ಲಿ ಒಬ್ಬರೂ ಮಾತಾಡಲಿಲ್ಲ.

ಬಂಧುಗಳೇ, ಹಳ್ಳಿ ಸಂಘದ ನೌಕರರು ಸರ್ಕಾರಿ ನೌಕರರಲ್ಲ, ಅವರಿಗೆ ಸರ್ಕಾರದ ಪಿಂಚಣಿ ಇಲ್ಲ. ಅವರ ಮಗಳು ಇನ್ನೂ ಓದುತ್ತಿದ್ದಾಳೆ. ಓದು ಮುಗಿಯುವವರೆಗೆ ಸಂಘದಿಂದ ಏನು ಮಾಡಬಹುದು ಎಂಬುದನ್ನು ಮಹಾಸಭೆಯ ವಿಷಯಪಟ್ಟಿಯಲ್ಲಿ ಸೇರಿಸಿದ್ದೇವೆ. ಬೋನಸ್ಸಿನಲ್ಲಿ ಲೀಟರಿಗೆ ಕೆಲವು ಪೈಸೆ ಕಡಿಮೆಯಾದೀತು. ಅದನ್ನು ಈಗಲೇ ಹೇಳಿಬಿಡುತ್ತೇವೆ, ಆಮೇಲೆ ಗೊತ್ತಿರಲಿಲ್ಲ ಅನ್ನಬಾರದು. ಬೆಳಗಿನ ಹಾಲು ಹಾಕಿ ಹಾಗೇ ಹೊರಟುಹೋಗಬೇಡಿ, ಸಭೆಗೆ ಕೂತು ಕೈ ಎತ್ತಿ ಹೋಗಿ.