ವೈದ್ಯೆ ಬೇಕೆನ್ನುವವರು ವೈದ್ಯೆಯನ್ನು ಬೆಳೆಸಬೇಡವೇ?

(ರಾಣೆಬೆನ್ನೂರಿನಲ್ಲಿ ನಡೆದ ಆರೋಗ್ಯ ಜಾಗೃತಿ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನಾವು ಒಬ್ಬ ಕ್ಯಾನ್ಸರ್ ವೈದ್ಯೆಯ ಬದುಕು ಮತ್ತು ಸೇವೆಯನ್ನು ಪರಿಚಯಿಸಲು ಬಯಸುತ್ತೇವೆ. ಅವರು ಡಾ. ವಿಜಯಲಕ್ಷ್ಮಿ ದೇಶಮಾನೆ. 2025ರಲ್ಲಿ ಕೇಂದ್ರ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಿಸಿತು. ಅವರು ನಮ್ಮ ಸಮುದಾಯದವರಲ್ಲ, ಈ ಜಿಲ್ಲೆಯವರೂ ಅಲ್ಲ. ಆದರೆ ಅವರ ಬದುಕು ನಮ್ಮ ಮುಂದಿಡುವ ಪ್ರಶ್ನೆಗಳು ನಮ್ಮ ಮನೆಯಂಗಳದವೇ ಆಗಿವೆ.

ದೇಶಮಾನೆಯವರು ಹುಟ್ಟಿದ್ದು ಕಲಬುರಗಿಯ ಕಡು ಬಡ ದಲಿತ ಕುಟುಂಬದಲ್ಲಿ. ತಂದೆ ಬಟ್ಟೆ ಗಿರಣಿಯ ಕಾರ್ಮಿಕ. ತಾಯಿ ತರಕಾರಿ ಮಾರುತ್ತಿದ್ದರು. ಮಗಳು ತಲೆಯ ಮೇಲೆ ತರಕಾರಿ ಹೊತ್ತು ತಾಯಿಗೆ ನೆರವಾಗುತ್ತಿದ್ದಳು. ಈ ಹುಡುಗಿ ವೈದ್ಯೆಯಾಗಬೇಕು ಎಂಬ ಕನಸು ಮೊದಲು ಕಂಡವರು ತಂದೆ. ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜಿನಲ್ಲಿ ಸೀಟು ದೊರೆತಾಗ ಮನೆಯಲ್ಲಿ ಹಣವಿರಲಿಲ್ಲ. ಆಗ ತಾಯಿ ತನ್ನ ಮಂಗಳಸೂತ್ರವನ್ನೇ ಬಿಚ್ಚಿಕೊಟ್ಟರು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಗಳಿಗೆ ಇಂಗ್ಲಿಷ್ ಪಾಠಗಳು ತೊಡಕಾದವು, ಮೊದಲ ವರ್ಷದಲ್ಲೇ ಹಿನ್ನಡೆಯಾಯಿತು. ಆದರೂ ಅವರು ಹಿಂದಿರುಗಿ ಬರಲಿಲ್ಲ. ಮುಂದೆ ಶಸ್ತ್ರಚಿಕಿತ್ಸಕಿಯಾಗಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯನ್ನು ಸೇರಿ, ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಪರಿಣತಿ ಗಳಿಸಿ, ಅದೇ ಸಂಸ್ಥೆಯ ನಿರ್ದೇಶಕರ ಹೊಣೆಯನ್ನೂ ಹೊತ್ತರು. ನಿವೃತ್ತಿಯ ಬಳಿಕವೂ ಅವರ ಸೇವೆ ನಿಂತಿಲ್ಲ.

ಆ ಸಂಸ್ಥೆಯ ಹೆಸರನ್ನು ಒಮ್ಮೆ ಗಮನಿಸಿರಿ. 1973ರಲ್ಲಿ ಆರಂಭವಾದ ಅದಕ್ಕೆ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿಡಲಾಯಿತು. ಅವರು ಸ್ವಾತಂತ್ರ್ಯ ಹೋರಾಟಗಾರರು, ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವರು, 1954ರಲ್ಲಿ ನಿಧನರಾದವರು. ಒಬ್ಬ ಮುಸ್ಲಿಮ್ ನಾಯಕನ ಹೆಸರಿನ ಆಸ್ಪತ್ರೆಯಲ್ಲಿ ದಲಿತ ಕಾರ್ಮಿಕನ ಮಗಳು ಎಲ್ಲ ಜಾತಿ ಮತಗಳ ತಾಯಂದಿರ ಪ್ರಾಣ ಉಳಿಸಲು ಶ್ರಮಿಸಿದರು. ಧರ್ಮದ ಹೆಸರಿನಲ್ಲಿ ಜನರನ್ನು ಒಡೆಯಲು ಹೊರಟವರು ಒಂದು ದಿನ ಆ ಆಸ್ಪತ್ರೆಯ ಸರತಿ ಸಾಲಿನಲ್ಲಿ ನಿಂತು ನೋಡಲಿ. ಅಲ್ಲಿ ಯಾರೂ ಪಕ್ಕದವರ ಧರ್ಮ ಕೇಳುವುದಿಲ್ಲ. ಎಷ್ಟನೇ ಹಂತ ಎಂದು ಕೇಳುತ್ತಾರೆ.

ಈ 'ಹಂತ' ಎಂಬ ಪದದಲ್ಲಿಯೇ ಬದುಕು ಸಾವಿನ ಲೆಕ್ಕ ಅಡಗಿದೆ. ಭಾರತದ ಮಹಿಳೆಯರಲ್ಲಿ ಇಂದು ಅತಿ ಹೆಚ್ಚಾಗಿ ಕಂಡುಬರುವುದು ಸ್ತನ ಕ್ಯಾನ್ಸರ್. ಮೊದಲ ಹಂತದಲ್ಲಿ ಪತ್ತೆಯಾದರೆ ಬಹುತೇಕರು ಗುಣಮುಖರಾಗುತ್ತಾರೆ. ಆದರೆ ಆರಂಭದ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲ ಎಂಬ ಕಾರಣಕ್ಕೆ ಮೌನ, ಹೇಳಿಕೊಳ್ಳಲು ನಾಚಿಕೆ ಎಂಬ ಕಾರಣಕ್ಕೆ ಮತ್ತಷ್ಟು ಮೌನ. ಗಂಡನಿಗೆ ಹೇಳುವುದಿಲ್ಲ, ಅತ್ತೆಗೆ ಹೇಳುವುದಿಲ್ಲ. ಕೊನೆಗೆ ಗಂಟು ಒಡೆದು ಹುಣ್ಣಾದಾಗ ತಾವೀಝ್ ಕಟ್ಟುವವರ ಬಾಗಿಲು, ಅದೂ ಮುಗಿದ ಮೇಲೆ ಆಸ್ಪತ್ರೆಯ ಬಾಗಿಲು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ನಮ್ಮ ಸಹೋದರಿಯರು ರಾಶಿಯಲ್ಲಿ ಒಂದೇ ಒಂದು ಕೆಟ್ಟ ಕಾಯಿ ಇದ್ದರೂ ಕೈ ತಗುಲಿದೊಡನೆ ಗುರುತಿಸಿ ಬದಿಗಿಡುತ್ತಾರೆ. ಅದೇ ಕೈಗಳಿಗೆ ತಮ್ಮ ದೇಹದಲ್ಲಿನ ಬದಲಾವಣೆಯನ್ನು ಗುರುತಿಸಲು ನಾವೇಕೆ ಕಲಿಸಿಲ್ಲ?

ಪುರುಷರ ಸ್ಥಿತಿ ಇದಕ್ಕಿಂತ ಉತ್ತಮವೇನಲ್ಲ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಖಾ ನಿಷೇಧವಾಯಿತು. ಆಗ ಒಂದು ಚೀಟಿಯಲ್ಲಿದ್ದ ವಿಷ ಎರಡು ಚೀಟಿಗಳಾಯಿತು. ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು, ಬೆರೆಸಿಕೊಳ್ಳುವ ಕೆಲಸ ಮಾತ್ರ ಗ್ರಾಹಕನದು. ಕಾನೂನು ಸೋತದ್ದು ಇಲ್ಲಿಯೇ. ಬಾಯಿಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇವು ಕಂಡರೆ ತಡಮಾಡಬಾರದು. ಮದ್ಯ ಹರಾಮ್ ಎಂದು ಹೆಮ್ಮೆಯಿಂದ ದೂರವಿರುವ ನಮ್ಮ ಯುವಕರು ಮಸೀದಿಯ ಮೆಟ್ಟಿಲಲ್ಲಿ ಗುಟ್ಖಾ ಉಗುಳಿ ಒಳಗೆ ಹೋಗುವುದನ್ನು ಏನೆಂದು ಕರೆಯಬೇಕು? ನಿಮ್ಮನ್ನು ನೀವೇ ವಿನಾಶಕ್ಕೆ ತಳ್ಳಿಕೊಳ್ಳಬೇಡಿ ಎಂಬ ಕುರ್‌ಆನಿನ ಎಚ್ಚರಿಕೆ ಅವರಿಗೆ ಅನ್ವಯಿಸುವುದಿಲ್ಲವೇ?

"ಎಲ್ಲವೂ ಅಲ್ಲಾಹನ ಇಚ್ಛೆ" ಎಂದು ಕೆಲವರು ಹೇಳುತ್ತಾರೆ. ಅದು ನಿಜ. ಆದರೆ ಅಲ್ಲಾಹನು ಪ್ರತಿಯೊಂದು ರೋಗಕ್ಕೂ ಔಷಧಿಯನ್ನು ಇಳಿಸಿದ್ದಾನೆ ಎಂದು ತಿಳಿಸಿದವರು ಪ್ರವಾದಿ ಮುಹಮ್ಮದ್(ಸ). ಮೊದಲು ಒಂಟೆಯನ್ನು ಕಟ್ಟು, ನಂತರ ಅಲ್ಲಾಹನ ಮೇಲೆ ಭರವಸೆಯಿಡು ಎಂದು ಕಲಿಸಿದವರೂ ಅವರೇ. ಚಿಕಿತ್ಸೆಯನ್ನು ಬಿಟ್ಟು ಕುಳಿತುಕೊಳ್ಳುವುದು ತವಕ್ಕುಲ್ ಅಲ್ಲ, ಅದು ಆಲಸ್ಯಕ್ಕೆ ಧರ್ಮದ ಹೊದಿಕೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಮಹಿಳೆಯರನ್ನು ವೈದ್ಯೆಯೇ ಪರೀಕ್ಷಿಸಬೇಕು ಎಂದು ನಾವು ಬಯಸುತ್ತೇವೆ. ಇದು ನ್ಯಾಯವಾದ ಬಯಕೆ. ವೈದ್ಯೆ ಸಿಗದಾಗ ಅನಿವಾರ್ಯತೆಯಲ್ಲಿ ಪುರುಷ ವೈದ್ಯರಿಂದ ಚಿಕಿತ್ಸೆ ಪಡೆಯಲು ಫಿಕ್‌ಹ್ ವಿದ್ವಾಂಸರು ಅನುಮತಿ ನೀಡಿದ್ದಾರೆ ಎಂಬುದೂ ತಿಳಿದಿರಲಿ. ಆದರೆ ವೈದ್ಯೆಯರು ಆಕಾಶದಿಂದ ಇಳಿದು ಬರುವುದಿಲ್ಲ. ಹತ್ತನೇ ತರಗತಿ ಮುಗಿಯುತ್ತಿದ್ದಂತೆ ಮಗಳ ಓದು ಸಾಕು ಎನ್ನುವವನೇ ಆಸ್ಪತ್ರೆಯ ಮುಂದೆ ನಿಂತು "ಲೇಡಿ ಡಾಕ್ಟರ್ ಇಲ್ಲವೇ?" ಎಂದು ಗದರುತ್ತಾನೆ. ಬೇರೆಯವರ ಮಗಳು ಓದಿ ನಮ್ಮ ಮಗಳ ಮಾನ ಕಾಯಬೇಕು, ನಮ್ಮ ಮಗಳು ಮಾತ್ರ ಓದಬಾರದು! ಇದು ಯಾವ ನ್ಯಾಯ?

ವೈದ್ಯವಿದ್ಯೆಯು ಫರ್ಝ್ ಕಿಫಾಯ, ಅಂದರೆ ಸಮುದಾಯದಲ್ಲಿ ಕೆಲವರಾದರೂ ನಿರ್ವಹಿಸಲೇಬೇಕಾದ, ಯಾರೂ ನಿರ್ವಹಿಸದಿದ್ದರೆ ಎಲ್ಲರೂ ತಪ್ಪಿತಸ್ಥರಾಗುವ ಕರ್ತವ್ಯ ಎಂದು ಇಮಾಮ್ ಗಝ್ಝಾಲಿ ತಮ್ಮ 'ಇಹ್ಯಾ' ಗ್ರಂಥದಲ್ಲಿ ವಿವರಿಸಿದ್ದಾರೆ. ಸ್ವಂತ ವೈದ್ಯರಿಲ್ಲದ ಊರುಗಳಲ್ಲಿಯೂ ಜನರು ಫಿಕ್‌ಹ್ ಕಲಿಯಲು ಮಾತ್ರ ಮುಗಿಬೀಳುತ್ತಾರೆ ಎಂದು ಅವರು ಒಂಬತ್ತು ಶತಮಾನಗಳ ಹಿಂದೆಯೇ ವಿಷಾದಿಸಿದ್ದರು. ಅದಕ್ಕೂ ಹಿಂದೆ, ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ) ಅವರ ಶುಶ್ರೂಷೆ ನಡೆದದ್ದು ರುಫೈದಾ(ರ) ಎಂಬ ಮಹಿಳೆಯ ಡೇರೆಯಲ್ಲಿ. ಮದ್ರಸಾದಲ್ಲಿ ಇವನ್ನೆಲ್ಲ ನಾವು ಓದುತ್ತೇವೆ. ಓದಿದ್ದು ಮೊಹಲ್ಲಾಕ್ಕೆ ಇಳಿಯುವುದಿಲ್ಲ.

ಸರ್ಕಾರದ ಹೊಣೆಯನ್ನು ನಾವು ಮರೆಯುವುದಿಲ್ಲ. 2022ರ ಹಿಜಾಬ್ ಆದೇಶದಿಂದ ಎಷ್ಟೋ ಹೆಣ್ಣುಮಕ್ಕಳು ತರಗತಿಯಿಂದ ಹೊರಗುಳಿದರು. ಕಾಲೇಜಿನ ಗೇಟು ಮುಚ್ಚುವುದು ಅನ್ಯಾಯವೆಂದು ನಾವು ಅಂದು ಪ್ರತಿಭಟಿಸಿದೆವು. ಹಾಗಾದರೆ ಮನೆಯ ಬಾಗಿಲು ಮುಚ್ಚುವುದೂ ಅನ್ಯಾಯವೇ. 2025ರಲ್ಲಿ ರಾಜ್ಯ ಸರ್ಕಾರ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೊಥೆರಪಿ ಕೇಂದ್ರಗಳನ್ನು ತೆರೆಯಿತು. ಇದು ಸ್ವಾಗತಾರ್ಹ. ಆದರೆ ತಪಾಸಣೆ ಹಳ್ಳಿಗೆ ಬಾರದಿದ್ದರೆ ರೋಗ ಬಲಿತ ಮೇಲೆಯೇ ಜನರು ಅಲ್ಲಿಗೆ ಹೋಗುತ್ತಾರೆ. ಬೀಜೋತ್ಪಾದನೆಯ ಹೊಲದಲ್ಲಿ ಕ್ರಾಸಿಂಗ್ ಮಾಡಿ ದಿನಗೂಲಿ ಪಡೆಯುವ ರಾಣೆಬೆನ್ನೂರಿನ ತಾಯಿ ಒಂದು ದಿನದ ಕೂಲಿ ಬಿಟ್ಟು ಹುಬ್ಬಳ್ಳಿಗೆ ಹೋಗಿ ಬರುವುದು ಸುಲಭವಲ್ಲ.

ಆದುದರಿಂದ ನಮ್ಮ ಜಮಾಅತ್‌ಗಳ ಮುಂದೆ ಮೂರು ವಿನಂತಿಗಳನ್ನು ಇಡುತ್ತೇವೆ. ಒಂದು, ಜುಮಾ ಪ್ರವಚನದಲ್ಲಿ ಗುಟ್ಖಾ ಮತ್ತು ಕ್ಯಾನ್ಸರ್ ಲಕ್ಷಣಗಳ ಬಗ್ಗೆ ಸ್ಪಷ್ಟವಾಗಿ ಮಾತನಾಡಲಿ. ಮಹಿಳೆಯರ ಸಭೆಗಳಿಗೆ ವೈದ್ಯೆಯರನ್ನು ಕರೆಸಲಿ. ಎರಡು, ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವಿದೆ. ಅದನ್ನು ಪಡೆಯಲು ರೋಗಿಗಳಿಗೆ ಸಹಾಯ ಮಾಡಿ, ಬಡ ರೋಗಿಯ ಪ್ರಯಾಣ ಮತ್ತು ಊಟದ ಖರ್ಚನ್ನು ಝಕಾತ್ ನಿಧಿಯಿಂದ ಭರಿಸಲಿ. ಮೂರು, ಪ್ರತಿ ಮೊಹಲ್ಲಾ ಒಬ್ಬ ಪ್ರತಿಭಾವಂತ ಬಡ ಹೆಣ್ಣುಮಗಳ ವೈದ್ಯಕೀಯ ಅಥವಾ ನರ್ಸಿಂಗ್ ಶಿಕ್ಷಣದ ಹೊಣೆ ಹೊರಲಿ. ಈಗ ಹಾವೇರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ದೂರದ ನೆಪವೂ ಉಳಿದಿಲ್ಲ.

ಹಾವೇರಿಯ ಏಲಕ್ಕಿ ಹಾರ ನಾಡಿಗೆಲ್ಲ ಪ್ರಸಿದ್ಧ. ಅದನ್ನು ಕಟ್ಟುವ ಕೈಗಳಲ್ಲಿ ನಮ್ಮ ಸಮುದಾಯದ ಕೈಗಳೂ ಇವೆ. ದೇಶಮಾನೆಯಂತಹ ಸಾಧಕಿಗೆ ಆ ಹಾರ ಹಾಕಿ ಗೌರವಿಸುವುದು ಸುಲಭ. ಆದರೆ ಮಗಳ ಓದಿಗಾಗಿ ಕೊರಳಿನ ಸರ ಬಿಚ್ಚಿಕೊಟ್ಟ ಆ ತಾಯಿಯಂತಾಗುವುದು ಕಷ್ಟ. ನಮ್ಮ ಮದುವೆಗಳ ಆಡಂಬರಕ್ಕೆ ಸುರಿಯುವ ಚಿನ್ನದಲ್ಲಿ ಒಂದು ಪಾಲು ಮಗಳ ಶಿಕ್ಷಣಕ್ಕೆ ಹೋದರೆ, ಇನ್ನು ಹತ್ತು ಹದಿನೈದು ವರ್ಷಗಳಲ್ಲಿ ಇದೇ ರಾಣೆಬೆನ್ನೂರಿನ ಒಬ್ಬ ಸಹೋದರಿ ನಾಚಿಕೆಯಿಲ್ಲದೆ, ಭಯವಿಲ್ಲದೆ ತನ್ನ ಗಂಟನ್ನು ತನ್ನದೇ ಮೊಹಲ್ಲಾದ ವೈದ್ಯೆಗೆ ತೋರಿಸಬಲ್ಲಳು. ಅಲ್ಲಾಹನು ರೋಗಿಗಳಿಗೆ ಶಿಫಾ ನೀಡಲಿ, ನಮಗೆ ಅರಿವನ್ನೂ ಅದರಂತೆ ನಡೆಯುವ ಧೈರ್ಯವನ್ನೂ ಕರುಣಿಸಲಿ. ಆಮೀನ್.