ಗಾಯಕನಿಗೆ ಶಾಸ್ತ್ರಜ್ಞಾನದ ಅವಶ್ಯಕತೆ



ಹೊಸದನ್ನು ಹಾಡಬಲ್ಲ ಗಾಯಕನಿಗೆ ಶಾಸ್ತ್ರವು ಅವಶ್ಯವೇ ಎಂಬ ವಿಷಯವನ್ನು ನನಗೆ ಒಪ್ಪಿಸಿರುವರು. ಇದು ಪಂಡಿತರ ಕಾಲಹರಣದ ಚರ್ಚೆಯೆಂದು ತಾವು ಭಾವಿಸಬಾರದು. ಮಠಗಳ ಆಶ್ರಯದಲ್ಲಿ ಸಂಗೀತ ಕಲಿಯುವ ಬಡಮಕ್ಕಳುಂಟು; ಅವರ ಎಳೆವಯಸ್ಸಿನ ವರ್ಷಗಳನ್ನು ಯಾವದಕ್ಕೆ ವಿನಿಯೋಗಿಸಬೇಕೆಂಬುದು ಈ ಪ್ರಶ್ನೆಯನ್ನೇ ಅವಲಂಬಿಸಿದೆ. ಶಾಸ್ತ್ರವನ್ನೋದಿದರೆ ಭಾವವು ಬತ್ತುವದೆಂದು ಕೆಲವರೆನ್ನುವರು. ಶಾಸ್ತ್ರವಿಲ್ಲದ ಗಾಯನವು ಗಿಳಿಪಾಠವೆಂದು ಮತ್ತೆ ಕೆಲವರು. ಶಾಸ್ತ್ರವೆಂದರೆ ಗ್ರಂಥವೆಂದೇ ಇಬ್ಬರೂ ಎಣಿಸಿರುವಂತೆ ನನಗೆ ತೋರುತ್ತದೆ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳನ್ನು (1892–1944) ನೆನೆಯಿರಿ. ಹುಟ್ಟುಗುರುಡರಾದ ಅವರು ಗ್ರಂಥಗಳನ್ನು ಕಣ್ಣಿನಿಂದ ಓದಿದವರಲ್ಲ. ಆದರೂ ಕರ್ನಾಟಕ, ಹಿಂದುಸ್ತಾನೀ ಎಂಬ ಎರಡೂ ಪದ್ಧತಿಗಳಲ್ಲಿ ಪಾರಂಗತರಾದರು. ಅವರಿಗೆ ಶಾಸ್ತ್ರ ತಿಳಿಯದೆಂದು ಹೇಳುವ ಧೈರ್ಯ ಯಾರಿಗುಂಟು? ಅವರ ಶಾಸ್ತ್ರವು ಕಿವಿಯಲ್ಲಿ ಮನೆಮಾಡಿತ್ತು.

ಕಿವಿಯ ಶಾಸ್ತ್ರವೆಂದರೇನು? ಭೂಪ, ದೇಶಕಾರ ಎಂಬ ಎರಡು ರಾಗಗಳನ್ನು ತೆಗೆದುಕೊಳ್ಳಿರಿ. ಎರಡಕ್ಕೂ ಸ್ವರಗಳು ಐದೇ: ಸ ರಿ ಗ ಪ ಧ. ಎಲ್ಲವೂ ಶುದ್ಧಸ್ವರಗಳೇ. ಸ್ವರಗಳನ್ನಷ್ಟೇ ಬರೆದುಕೊಂಡ ವಿದ್ಯಾರ್ಥಿಗೆ ಇವೆರಡೂ ಒಂದೇ. ಆದರೆ ಭೂಪದಲ್ಲಿ ಗಾಂಧಾರವು ಅರಸು; ದೇಶಕಾರದಲ್ಲಿ ಧೈವತವು. ಒಂದು ರಾತ್ರಿಯ ಮೊದಲ ಭಾಗಕ್ಕೆ ಸಲ್ಲುವದು, ಮತ್ತೊಂದು ಬೆಳಗಿಗೆ. ಪಂಡಿತ ಭಾತಖಂಡೆಯವರು (1860–1936) ತಮ್ಮ ಹತ್ತು ಥಾಟುಗಳಲ್ಲಿ ಭೂಪವನ್ನು ಕಲ್ಯಾಣಕ್ಕೂ ದೇಶಕಾರವನ್ನು ಬಿಲಾವಲಕ್ಕೂ ಸೇರಿಸಿದರು. ಸ್ವರಗಳ ಎಣಿಕೆಯಿಂದಷ್ಟೇ ಈ ವಿಭಾಗವು ಹೊರಡುವಂತಿಲ್ಲ. ಗಾಯಕರ ನಡೆಯನ್ನು ಕೇಳಿದವರು ಮಾತ್ರ ಹೀಗೆ ಬೇರ್ಪಡಿಸಬಲ್ಲರು. ಇಲ್ಲಿ ಹಾಡಿಕೆಯು ಮುಂದೆ, ಗ್ರಂಥವು ಹಿಂದೆ.

ಹಾಗೆಂದು ಗ್ರಂಥವನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವವರ ಪಕ್ಷ ನನ್ನದಲ್ಲ. 17ನೆಯ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿಯು ಚತುರ್ದಂಡೀಪ್ರಕಾಶಿಕೆಯನ್ನು ಬರೆದನು. ಷಡ್ಜ ಪಂಚಮಗಳು ಅಚಲ, ರಿಷಭ ಗಾಂಧಾರಗಳ ಜೋಡಿ 6 ಬಗೆ, ಧೈವತ ನಿಷಾದಗಳ ಜೋಡಿ 6 ಬಗೆ, ಗುಣಿಸಲು 36, ಮಧ್ಯಮಗಳು ಎರಡಾದ್ದರಿಂದ 72 ಮೇಳಗಳು. ಆತನ ಕಾಲದಲ್ಲಿ ಬಳಕೆಯಲ್ಲಿದ್ದವು 19 ಮಾತ್ರ. ಉಳಿದ 53 ಅಂದು ಯಾರ ಕಂಠದಲ್ಲಿಯೂ ಇಲ್ಲದೆ ಲೆಕ್ಕದಲ್ಲಷ್ಟೇ ಇದ್ದವು! ಮುಂದೆ ವಾಗ್ಗೇಯಕಾರರು ಆ ಬರಿದಾದ ಮನೆಗಳಿಗೆ ದೀಪ ಹಚ್ಚಿದರು. ಕೋಟೀಶ್ವರ ಅಯ್ಯರರು 72 ಮೇಳಗಳಲ್ಲಿಯೂ ಕೃತಿಗಳನ್ನು ರಚಿಸಿದರು. ಗ್ರಂಥವು ದಾರಿಯನ್ನು ತೋರದಿದ್ದರೆ ಅತ್ತ ಹೆಜ್ಜೆಯಿಡುವವರಾರು? ಆದರೂ ಗಣಿತವು ಕೊಟ್ಟದ್ದು ಸ್ವರಪಂಕ್ತಿಯನ್ನು, ರಾಗವನ್ನಲ್ಲ. ಆ ಮೇಳಗಳಲ್ಲಿ ಎಷ್ಟೋ ಇಂದಿಗೂ ಸಭೆಯಲ್ಲಿ ಅಪರೂಪವಾಗಿಯೇ ಕೇಳಬರುವವು.

ಆದ್ದರಿಂದ ನಮ್ಮ ಪಾಠಶಾಲೆಗಳ ಗುರುಗಳಲ್ಲಿ ನನ್ನದೊಂದು ಬಿನ್ನಹ. ಆರೋಹ, ಅವರೋಹ, ವಾದಿ, ಸಂವಾದಿಗಳನ್ನು ಮೊದಲ ದಿನವೇ ಬಾಯಿಪಾಠ ಮಾಡಿಸಬೇಡಿರಿ. ಪರೀಕ್ಷೆಗೆ ಅದು ಸಾಕಾದೀತು, ತಂಬೂರಿಯ ಮುಂದೆ ಸಾಲದು. ಮೊದಲು ಕೇಳಲಿ, ಹಾಡಲಿ. ಭೂಪವನ್ನು ಹಾಡುತ್ತಿರುವ ಹುಡುಗನು ಯಾವದೋ ಸಂಜೆ ತನಗೆ ತಾನೇ ಧೈವತದ ಮೇಲೆ ನಿಂತುಬಿಡುವನು. ರಾಗ ಕೆಟ್ಟಿತೆಂದು ಗದರಿಸಬಾರದು. ಅವನು ಅರಿಯದೆ ಬಂದು ನಿಂತಿರುವ ಸ್ಥಳಕ್ಕೊಂದು ಹೆಸರುಂಟೆಂದೂ ಅದು ದೇಶಕಾರವೆಂದೂ ಆಗ ತಿಳಿಸಿರಿ. ಮರುದಿನ ಬೆಳಗಿನ ಜಾವದಲ್ಲಿ ಕರೆದು ಕುಳ್ಳಿರಿಸಿ ಅದನ್ನು ಹಾಡಿ ಕೇಳಿಸಿರಿ.